ನಲವತ್ತನೆಯವನ ಹಾಜರಿ

ನಮ್ಮ ಪ್ರಿನ್ಸಿಪಾಲರು ಮೂರು ದಿನದ ತರಬೇತಿ ಮುಗಿಸಿ ಬಂದವರು ಮೊದಲು ಮಾಡಿದ ಕೆಲಸ, ಕಾರಿಡಾರಿನಲ್ಲಿದ್ದ ‘ಮೌನವಾಗಿರಿ’ ಫಲಕವನ್ನು ತೆಗೆಸಿದ್ದು. ಫಲಕ ಹೋಯಿತು, ಮೊಳೆ ಉಳಿಯಿತು.

ಎರಡನೆಯ ಕೆಲಸ, ಎಲ್ಲ ತರಗತಿಗಳಿಗೂ ಆನ್‌ಲೈನ್ ಚರ್ಚಾಕಟ್ಟೆ ತೆರೆದದ್ದು. ಅಧ್ಯಾಪಕರು ಸೋಮವಾರ ಒಂದು ಪ್ರಶ್ನೆ ಹಾಕಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಶನಿವಾರದೊಳಗೆ ಒಂದು ಅಭಿಪ್ರಾಯ ಬರೆದು, ಬೇರೆ ಇಬ್ಬರ ಅಭಿಪ್ರಾಯಕ್ಕೆ ಉತ್ತರ ಕೊಡಬೇಕು. ಒಂದು ಅಭಿಪ್ರಾಯ, ಎರಡು ಉತ್ತರ, ವಾರಕ್ಕೊಮ್ಮೆ ಎಂದು ಅವರು ಔಷಧದ ಚೀಟಿ ಓದುವವರಂತೆ ಹೇಳಿದರು. ಪರದೆಯ ಮೇಲೆ ಹೆಸರು ಕಾಣುವುದಿಲ್ಲ, ಕ್ರಮಸಂಖ್ಯೆ ಮಾತ್ರ. ಹೀಗಾದರೆ ತರಗತಿಯಲ್ಲಿ ಬಾಯಿ ಬಿಡದವರೂ ಮಾತನಾಡುತ್ತಾರೆ, ಕಟ್ಟೆಯ ಮೇಲೆ ಮಾತನಾಡಿದವರು ಮೆಲ್ಲಗೆ ತರಗತಿಯಲ್ಲಿಯೂ ಮಾತನಾಡುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರಂತೆ.

ನಾನು ಬಿ ಸೆಕ್ಷನ್ನಿಗೆ ಇತಿಹಾಸ ಕಲಿಸುತ್ತೇನೆ. ಹುದ್ದೆ ತಾತ್ಕಾಲಿಕ. ವರ್ಷದ ಕೊನೆಗೆ ಕಾಯಂ ಆಗಬಹುದು, ಮನೆಗೂ ಹೋಗಬಹುದು. ಮನೆಯಲ್ಲಿ ಅತ್ತೆ ಮತ್ತು ನಾನು. ಗಂಡ ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಗಿತ್ತು. ಸಂಬಳ ತರುವವಳು ನಾನೊಬ್ಬಳೇ.

ಒಂದು ಸೆಕ್ಷನ್ ಪ್ರತ್ಯೇಕವಾಗಿ ಉಳಿಯಬೇಕಾದರೆ ಅದರಲ್ಲಿ ನಲವತ್ತು ವಿದ್ಯಾರ್ಥಿಗಳಿರಬೇಕೆಂಬುದು ನಿಯಮ. ನನ್ನ ಎದುರು ಕೂರುತ್ತಿದ್ದವರು ಮೂವತ್ತೊಂಬತ್ತು. ನಲವತ್ತನೆಯವನು ಜೂನಿನಲ್ಲಿ ಬಂದು, ಅರ್ಜಿಗೆ ಫೋಟೊ ಅಂಟಿಸಿ, ಸಹಿ ಹಾಕಿ ಹೋದವನು ಮತ್ತೆ ಕಾಣಿಸಲಿಲ್ಲ. ಅವನ ಹೆಸರನ್ನು ಹೊಡೆದುಹಾಕಬೇಕಲ್ಲವೇ ಎಂದು ಕಚೇರಿಯ ಗುಮಾಸ್ತರನ್ನು ಕೇಳಿದ್ದೆ. ಅವರು ನನ್ನನ್ನು ಕನಿಕರದಿಂದ ನೋಡಿದ್ದರು.

“ಇರ್ಲಿ ಬಿಡಿ ಮೇಡಂ, ಹೆಸರೇನು ಅನ್ನ ಕೇಳುತ್ತಾ?”

ಅಂದಿನಿಂದ ಹಾಜರಿ ಕರೆಯುವಾಗ ಮೂವತ್ತೊಂಬತ್ತಕ್ಕೆ ನಿಲ್ಲಿಸಿ ಪುಸ್ತಕ ಮುಚ್ಚುತ್ತಿದ್ದೆ.

ಮೊದಲ ಸೋಮವಾರ ನಾನು ಹಾಕಿದ ಪ್ರಶ್ನೆ: ಪ್ರಾಚೀನ ನಗರಗಳು ಸುತ್ತಲೂ ಗೋಡೆ ಕಟ್ಟಿಕೊಂಡದ್ದು ಏಕೆ? ಕ್ರಮಸಂಖ್ಯೆ ಒಂದು, ಶತ್ರುಗಳಿಂದ ರಕ್ಷಣೆಗಾಗಿ ಎಂದು ಬರೆಯಿತು. ಎರಡು, ಒಂದು ಹೇಳಿದ್ದನ್ನು ಒಪ್ಪುತ್ತೇನೆ ಎಂದಿತು. ಮೂರು, ಒಂದು ಮತ್ತು ಎರಡನ್ನು ಒಪ್ಪಿತು. ಶನಿವಾರದ ಹೊತ್ತಿಗೆ ನೂರ ಹದಿನೇಳು ಸಂದೇಶ ಬಂದಿದ್ದವು. ಅದರಲ್ಲಿ ನೂರ ಹದಿನಾರು ಒಪ್ಪಿಗೆ. ಕ್ರಮಸಂಖ್ಯೆ ಇಪ್ಪತ್ತೆರಡು ಅವಸರದಲ್ಲಿ ತನ್ನನ್ನು ತಾನೇ ಒಪ್ಪಿಕೊಂಡು, ಚೆನ್ನಾಗಿ ಬರೆದಿದ್ದೀರಿ ಎಂದೂ ಸೇರಿಸಿತ್ತು.

ಅತ್ತ ತರಗತಿಯಲ್ಲಿ ಎಂದಿನ ಮೌನ. ಪ್ರಶ್ನೆ ಕೇಳಿದರೆ ಮೂವತ್ತೊಂಬತ್ತು ಜನವೂ ಏನೋ ಕಳೆದುಕೊಂಡವರ ಹಾಗೆ ನೆಲ ನೋಡುತ್ತಿದ್ದರು.

ನಾಲ್ಕು ವಾರವಾದ ಮೇಲೆ ಪ್ರಿನ್ಸಿಪಾಲರು ಕರೆಸಿದರು. ಅವರ ಕಂಪ್ಯೂಟರಿನಲ್ಲಿ ಪ್ರತಿ ಸೆಕ್ಷನ್ನಿಗೂ ಒಂದು ಬಣ್ಣದ ಕಂಬ ಇತ್ತು. ನಮ್ಮ ಕಂಬ ಹೊಸ್ತಿಲಿನಷ್ಟು ಎತ್ತರ. ಯಂತ್ರ ಒಪ್ಪಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ.

“ಇದು ಚರ್ಚೆ ಅಲ್ಲಮ್ಮ, ಉಭಯಕುಶಲೋಪರಿ,” ಎಂದರು ಅವರು. ಇದು ಹೀಗೇ ಮುಂದುವರಿದರೆ ಬಿ ಸೆಕ್ಷನ್ನನ್ನು ಎ ಸೆಕ್ಷನ್ನಿಗೆ ಸೇರಿಸುವ ಮಾತು ಬಂದೇ ಬರುತ್ತದೆ, ಆಗ ತಮ್ಮಿಂದಲೂ ಏನೂ ಮಾಡಲಾಗುವುದಿಲ್ಲ ಎಂದು ಬಹಳ ನೊಂದುಕೊಂಡು ಹೇಳಿದರು.

ಆ ಮಧ್ಯಾಹ್ನ ಸಿಬ್ಬಂದಿ ಕೊಠಡಿಯಲ್ಲಿ ಕೂತು ಗುಮಾಸ್ತರು ಕೊಟ್ಟಿದ್ದ ಪಟ್ಟಿ ತೆಗೆದೆ. ಕ್ರಮಸಂಖ್ಯೆಯನ್ನು ಎರಡು ಸಲ ಬರೆದರೆ ಅದೇ ಆ ವಿದ್ಯಾರ್ಥಿಯ ಪಾಸ್‌ವರ್ಡ್. ಮೊದಲ ದಿನವೇ ಬದಲಾಯಿಸಿಕೊಳ್ಳಬೇಕೆಂದು ಸೂಚನೆ ಇತ್ತು. ನಲವತ್ತನೆಯವನು ಬದಲಾಯಿಸಿಕೊಂಡಿರಲಾರ. ನಲವತ್ತು ನಲವತ್ತು ಎಂದು ಒತ್ತಿದೆ. ಬಾಗಿಲು ತೆರೆಯಿತು.

ಮೊದಲ ವಾರದ ಗೋಡೆಯ ಪ್ರಶ್ನೆಯ ಕೆಳಗೆ ಹೀಗೆ ಬರೆದೆ:

‘ಒಪ್ಪಿದೆ, ಆದರೆ ಶತ್ರು ಬರುವುದು ಹತ್ತು ವರ್ಷಕ್ಕೊಮ್ಮೆ, ತರಕಾರಿ ಗಾಡಿ ಬರುವುದು ದಿನಾ. ಗೋಡೆ ಇದ್ದರೆ ಬಾಗಿಲು ಇರುತ್ತದೆ. ಬಾಗಿಲು ಇದ್ದರೆ ಅಲ್ಲೊಬ್ಬ ನಿಂತು ಸುಂಕ ಕೇಳಬಹುದು. ಗೋಡೆ ಕಟ್ಟಿದ್ದು ಹೆದರಿಕೆಗಲ್ಲ, ವಸೂಲಿಗೆ. ಇಷ್ಟು ಜನ ಒಪ್ಪಿಕೊಂಡಿದ್ದೀರಿ ಎಂದರೆ ಒಬ್ಬರೂ ಓದಿಲ್ಲ ಎಂದು ಅರ್ಥ.’

ಕಳಿಸಿದ ಮೇಲೆ ಓದಿ ನೋಡಿದೆ. ಅದು ನನ್ನ ಧಾಟಿಯಾಗಿರಲಿಲ್ಲ. ನನ್ನ ಗಂಡನದು. ಅವನು ನೀರು ಸರಬರಾಜಿನ ಎಂಜಿನಿಯರ್. ದಿನವಿಡೀ ಪೈಪುಗಳ ಜೊತೆ ಇದ್ದು ಸಂಜೆ ಮನೆಗೆ ಬಂದರೆ ಯಾವುದನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ‘ಒಪ್ಪಿದೆ, ಆದರೆ’ ಎಂದು ಶುರು ಮಾಡಿದನೆಂದರೆ ಏನನ್ನೂ ಒಪ್ಪಿಲ್ಲವೆಂದೇ ಲೆಕ್ಕ. ನಾನು ‘ನೋಡೋಣ’ ಎಂದು ಎದ್ದುಬಿಡುತ್ತಿದ್ದೆ. ಅವನು ಹೋದ ದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ಪರದೆ ಬೇಕೇ ಬೇಡವೇ ಎಂಬ ವಾದ ನಡೆಯುತ್ತಿತ್ತು. ಬಂದಮೇಲೆ ಮುಂದುವರಿಸೋಣ ಎಂದು ಚಪ್ಪಲಿ ಮೆಟ್ಟಿದ. ಆ ಕಿಟಕಿಗೆ ಇನ್ನೂ ಪರದೆ ಇಲ್ಲ.

ಸಂಜೆಯೊಳಗೆ ನಲವತ್ತನೆಯವನಿಗೆ ಇಪ್ಪತ್ತಾರು ಉತ್ತರ ಬಂದಿದ್ದವು. ಮೊದಲನೆಯದು ಹದಿನೇಳರದು.

‘ನಲವತ್ತನೆಯವರೇ, ತರಕಾರಿ ಗಾಡಿ ತಡೆಯಲು ಆನೆಗಾತ್ರದ ಗೋಡೆ ಬೇಕೆ? ಬೇಲಿ ಸಾಕಿತ್ತು. ಮೊದಲು ಕ್ಲಾಸಿಗೆ ಬನ್ನಿ, ಆಮೇಲೆ ಊರಿನ ಗೋಡೆ ಅಳೆಯಿರಿ.’

ಹಾಜರಿ ಪುಸ್ತಕದಲ್ಲಿ ಹದಿನೇಳನ್ನು ಹುಡುಕಿದೆ. ಕಿಟಕಿ ಪಕ್ಕ ಕೂತು ಪೆನ್ನಿನ ಮುಚ್ಚಳ ಕಚ್ಚುವ ಹುಡುಗಿ. ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ನಾನು ಕೇಳಿದ್ದ ಒಂದೇ ಮಾತು ‘ಎಸ್ ಮೇಡಂ’. ಮುಂದಿನ ವಾರಕ್ಕೆ ಅವಳ ಸಹಪಾಠಿಗಳು ಅವಳನ್ನು ಕಟ್ಟೆಯ ಮೇಲೆ ವಕೀಲೆ ಎಂದು ಕರೆಯತೊಡಗಿದ್ದರು.

ನಮ್ಮ ಕಂಬ ಏರಿತು. ಸೋಮವಾರ ನಾನು ನನ್ನ ಹೆಸರಿನಲ್ಲಿ ಪ್ರಶ್ನೆ ಹಾಕಿ ಸುಮ್ಮನಾಗುತ್ತಿದ್ದೆ. ಮಂಗಳವಾರ ನಲವತ್ತನೆಯವನಾಗಿ ಜಗಳ ತೆಗೆಯುತ್ತಿದ್ದೆ. ವಕೀಲೆ ಅವನ ಮೇಲೆ ಬೀಳುತ್ತಿದ್ದಳು, ಅರ್ಧ ಸೆಕ್ಷನ್ ಅವಳ ಕಡೆ, ಅರ್ಧ ಇವನ ಕಡೆ. ಬೈಸಿಕೊಂಡವರು ಉತ್ತರ ಹುಡುಕಲು ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಗ್ರಂಥಪಾಲಕರು ಬಂದು, ಏನು ಮೇಡಂ, ನಿಮ್ಮ ಹುಡುಗರು ಪುಸ್ತಕ ಕೇಳುತ್ತಿದ್ದಾರೆ, ಏನಾದರೂ ತೊಂದರೆಯೇ ಎಂದು ವಿಚಾರಿಸಿದರು. ತರಗತಿಯಲ್ಲಿ ಮಾತ್ರ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಮನೆಯಲ್ಲೂ ಬರೆಯತೊಡಗಿದೆ. ಒಂದು ಸಂಜೆ ಅತ್ತೆ ಎದುರು ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದೆನೆಂದು ಕಾಣುತ್ತದೆ. ಅವರ ಕೈ ನಿಂತಿತು.

“ಯಾರ ಹತ್ರ ಅವನ ಥರ ಜಗಳಕ್ಕೆ ನಿಂತಿದೀಯ?”

“ಕಾಲೇಜಿನ ಕೆಲಸ ಅತ್ತೆ.”

“ಗೆಲ್ತಾ ಇದೀಯಾ?”

“ಇಲ್ಲ. ಒಬ್ಬಳು ಹುಡುಗಿ ಬಿಡ್ತಿಲ್ಲ.”

“ಒಳ್ಳೇದಾಯ್ತು,” ಎಂದು ಅವರು ಮತ್ತೆ ಕಾಯಿ ಕೈಗೆ ತೆಗೆದುಕೊಂಡರು. “ಅವನಿಗೆ ಯಾರೂ ಅಡ್ಡ ಬರ್ದೆ ಹೋದ್ರೆ ಊಟ ಸೇರ್ತಿರ್ಲಿಲ್ಲ.”

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕಟ್ಟೆ ತೆರೆದಾಗ ನಲವತ್ತನೆಯವನ ಹೊಸ ಮಾತು ಕಣ್ಣಿಗೆ ಬಿತ್ತು. ಆ ವಾರದ ಪ್ರಶ್ನೆ ಬರವಣಿಗೆ ಹುಟ್ಟಿದ ಬಗ್ಗೆ. ‘ಒಪ್ಪಿದೆ, ಆದರೆ ಬರೆದಿಟ್ಟದ್ದು ಮಾತ್ರ ಇತಿಹಾಸ ಎನ್ನುವುದಾದರೆ ನನ್ನಜ್ಜಿ ಹುಟ್ಟಿಯೇ ಇಲ್ಲ.’ ಯಾವಾಗ ಬರೆದೆನೆಂದು ನೆನಪಾಗಲಿಲ್ಲ. ಆ ವರ್ಷ ನಾನು ಮಾಡಿದ ಎಷ್ಟೋ ಕೆಲಸಗಳು ನನಗೆ ನೆನಪಿಲ್ಲ. ಎರಡು ಕಾಲಿಗೆ ಎರಡು ಥರದ ಚಪ್ಪಲಿ ಹಾಕಿಕೊಂಡು ಕಾಲೇಜಿಗೆ ಹೋಗಿದ್ದೆ. ಒಂದೇ ಪಾಠವನ್ನು ಎರಡು ಸಲ ಮಾಡಿದ್ದೆ, ಯಾರೂ ಹೇಳಲಿಲ್ಲ. ಪರವಾಗಿಲ್ಲ, ಚೆನ್ನಾಗಿಯೇ ಬರೆದಿದ್ದೇನೆ ಅಂದುಕೊಂಡು ಮೊಬೈಲ್ ಕೆಳಗಿಟ್ಟೆ. ಆಮೇಲೆ ಅಂಥವು ಇನ್ನೂ ಕೆಲವು ಸಿಕ್ಕಿದವು. ಕೆಲವು ನಾನು ಬರೆದುದಕ್ಕಿಂತ ಚೆನ್ನಾಗಿದ್ದವು.

ಫೆಬ್ರವರಿಯಲ್ಲಿ ಪ್ರಿನ್ಸಿಪಾಲರು ಸಿಹಿ ಸುದ್ದಿ ಕೊಟ್ಟರು. ಇಡೀ ಕಾಲೇಜಿನಲ್ಲಿ ಬಿ ಸೆಕ್ಷನ್ನಿನ ಕಂಬವೇ ಎತ್ತರ. ಚರ್ಚಾಕಟ್ಟೆ ನೋಡಲು ಶುಕ್ರವಾರ ಮೂವರ ಸಮಿತಿ ಬರುತ್ತದೆ. ಸೆಕ್ಷನ್ ಉಳಿಯುವುದು, ನನ್ನ ಹುದ್ದೆ ಕಾಯಂ ಆಗುವುದು ಅವರ ವರದಿಯ ಮೇಲೆ. ವರ್ಷದ ಅತ್ಯುತ್ತಮ ಚರ್ಚಾಪಟು ಯಾರೆಂದು ಯಂತ್ರವೇ ಆರಿಸಿದೆ: ಬಿ ಸೆಕ್ಷನ್, ಕ್ರಮಸಂಖ್ಯೆ ನಲವತ್ತು. ಸಮಿತಿಯ ಅಧ್ಯಕ್ಷರು ಅವನನ್ನು ಖುದ್ದಾಗಿ ಮಾತನಾಡಿಸಲು ಬಯಸಿದ್ದಾರೆ.

ಗುಮಾಸ್ತರಿಗೆ ಈ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಮೆಟ್ಟಿಲ ಹತ್ತಿರ ಕಾದು ನಿಂತಿದ್ದರು. ಕೈಯಲ್ಲಿ ಹೆಸರು ತೆಗೆದುಹಾಕುವ ಫಾರಂ.

“ಮೇಡಂ, ಇಷ್ಟು ದಿನ ಸುಮ್ನೆ ಕೂತಿದ್ದೋನು ಈಗ ಯಾಕೆ ಬಾಯಿ ಬಿಟ್ಟ?”

ನಾನೇ ಬಿಡಿಸಿದೆ ಎಂದೆ. ಅವರು ಫಾರಮನ್ನು ನನ್ನ ಕೈಗಿಟ್ಟು, ಇದನ್ನು ತುಂಬಿದರೆ ಸೆಕ್ಷನ್ ಮೂವತ್ತೊಂಬತ್ತಾಗುತ್ತದೆ, ತುಂಬದಿದ್ದರೆ ಶುಕ್ರವಾರ ಇಲ್ಲದವನನ್ನು ಎಬ್ಬಿಸಿ ನಿಲ್ಲಿಸಬೇಕಾಗುತ್ತದೆ, ಎರಡರಲ್ಲಿ ಯಾವುದು ಸುಲಭವೋ ನೋಡಿ ಎಂದು ಹೇಳಿ ಹೋದರು.

ನಾನು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಲವತ್ತನೆಯವನು ಒಂದು ದಿನವೂ ಬಂದಿಲ್ಲ, ಅವನ ಹೆಸರಿನಲ್ಲಿ ಬರೆದವಳು ನಾನು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಅವನ ಹಾಜರಾತಿ ಎಷ್ಟಿದೆ ಎಂದು ಕೇಳಿದರು. ಕಟ್ಟೆಯ ಮೇಲೆ ಬರೆದ ದಿನವನ್ನೂ ಹಾಜರಿ ಎಂದು ಹಿಡಿಯಬೇಕೆಂದು ಸುತ್ತೋಲೆ ಹೊರಡಿಸಿದವರು ಅವರೇ. ಜನವರಿಯಿಂದ ಈಚೆಗೆ ಶೇಕಡಾ ತೊಂಬತ್ತಾರು ಎಂದೆ.

“ನನಗೇ ಅಷ್ಟಿಲ್ಲ,” ಎಂದರು. “ತೊಂಬತ್ತಾರು ಇರೋನನ್ನ ಇಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳ್ಲಮ್ಮ? ಶುಕ್ರವಾರ ಬರೋ ಹಾಗೆ ನೋಡ್ಕೊಳ್ಳಿ.”

ಸಿಬ್ಬಂದಿ ಕೊಠಡಿಗೆ ಬಂದು ಫಾರಮನ್ನು ಮೇಜಿನ ಮೇಲೆ ಹರಡಿದೆ. ಹೆಸರು ತೆಗೆಯಲು ಕಾರಣ: ವರ್ಗಾವಣೆ, ಶಿಸ್ತುಕ್ರಮ, ಅನಾರೋಗ್ಯ, ಮರಣ. ಪಕ್ಕದಲ್ಲಿ ನಾಲ್ಕು ಚೌಕ. ಹಿಂದಿನ ವರ್ಷ ಇಂಥ ಫಾರಂಗಳನ್ನು ಎಂಟು ಕಚೇರಿಗಳಲ್ಲಿ ತುಂಬಿದ್ದೆ. ಕೊನೆಯ ಚೌಕಕ್ಕೆ ಗುರುತು ಹಾಕುವುದು ಕೈಗೆ ರೂಢಿಯಾಗಿತ್ತು. ಈ ಸಲ ಕೈ ಹೋಗಲಿಲ್ಲ. ವರ್ಗಾವಣೆ ಎಂದು ಹಾಕಬಹುದಿತ್ತು, ಅದೂ ಹೋಗಲಿಲ್ಲ.

ಅವನೇ ವಿದಾಯ ಹೇಳಿ ಹೋಗಲಿ ಎಂದುಕೊಂಡು ಕಟ್ಟೆ ತೆರೆದೆ. ಎಲ್ಲಕ್ಕಿಂತ ಮೇಲೆ ನಲವತ್ತನೆಯವನ ಹೊಸ ಸಂದೇಶ ಇತ್ತು. ಹತ್ತು ನಿಮಿಷದ ಹಿಂದಿನದು.

‘ಶುಕ್ರವಾರ ಬರುತ್ತೇನೆ.’

ಹತ್ತು ನಿಮಿಷದ ಹಿಂದೆ ನಾನು ಪ್ರಿನ್ಸಿಪಾಲರ ಎದುರು ನಿಂತಿದ್ದೆ. ನನ್ನ ಮೊಬೈಲ್ ಈ ಮೇಜಿನ ಡ್ರಾಯರಿನಲ್ಲಿತ್ತು. ಎಷ್ಟೇ ಮರೆವಿದ್ದರೂ ಇದನ್ನು ಬರೆದವಳು ನಾನಲ್ಲ.

ಅಷ್ಟರಲ್ಲಿ ವಕೀಲೆ ಬಾಗಿಲಲ್ಲಿ ಬಂದು ನಿಂತಳು. ನಾನೇ ಕರೆದು ಕೂರಿಸಿದೆ. ಅವಳು ಪೆನ್ನಿನ ಮುಚ್ಚಳವನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡಿದಳು. ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ನಲವತ್ತನೆಯವನು ಯಾರೂ ಅಲ್ಲ. ಪಾಸ್‌ವರ್ಡ್ ಎಲ್ಲರದೂ ಒಂದೇ ಥರ ಇರುವುದರಿಂದ ಯಾರೋ ಒತ್ತಿ ನೋಡಿದ್ದರು, ತೆರೆದುಕೊಂಡಿತ್ತು. ತಮ್ಮ ಸಂಖ್ಯೆಯಲ್ಲಿ ಬರೆಯಲು ಹೆದರಿಕೆಯಾದುದನ್ನು ಅವನ ಸಂಖ್ಯೆಯಲ್ಲಿ ಬರೆಯುವ ರೂಢಿ ಹೀಗೆ ಶುರುವಾಯಿತು. ಈಗ ಹನ್ನೊಂದು ಜನ ಬರೆಯುತ್ತಾರೆ. ಅಜ್ಜಿಯ ಮಾತು ಕೊನೆ ಬೆಂಚಿನ ಒಬ್ಬನದು. ಅವಳೂ ಬರೆಯುತ್ತಾಳೆ.

“ಎರಡು ಸಲ ನನಗೆ ನಾನೇ ಉತ್ತರ ಕೊಟ್ಟಿದೀನಿ ಮೇಡಂ. ಒಂದು ಸಲ ಸೋತೆ.”

ಶುಕ್ರವಾರ ಬರುತ್ತೇನೆ ಎಂದು ಬರೆದವರು ಯಾರೆಂದು ಕೇಳಿದೆ. ಅದೂ ಆ ಹನ್ನೊಂದು ಜನರಲ್ಲಿ ಒಬ್ಬರೇ. ಕಚೇರಿಯಿಂದ ಸುದ್ದಿ ಹೊರಬಿದ್ದು, ಯಾರು ಎದ್ದು ನಿಲ್ಲುವುದೆಂಬ ವಿಷಯದಲ್ಲಿ ಬೆಳಿಗ್ಗೆಯಿಂದ ಜಗಳವಂತೆ.

“ಎಲ್ರಿಗೂ ನಿಲ್ಲೋ ಆಸೆನಾ?”

“ಯಾರಿಗೂ ಇಲ್ಲ ಮೇಡಂ. ಅದಕ್ಕೇ ಜಗಳ.”

ಅವಳು ಎದ್ದು ಬಾಗಿಲ ತನಕ ಹೋಗಿ ತಿರುಗಿದಳು.

“ಶುರು ಮಾಡಿದೋನು ಯಾರು ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಆ ಗೋಡೆ ಬಗ್ಗೆ ಬರೆದೋನು. ನಾವೆಲ್ಲ ಅವನ ಥರ ಬರೆಯೋಕೆ ನೋಡ್ತೀವಿ, ಅಷ್ಟು ಚೆನ್ನಾಗಿ ಬರಲ್ಲ. ನಿಮಗೇನಾದ್ರೂ ಗೊತ್ತಾ ಮೇಡಂ, ಅವನು ಯಾರು ಅಂತ?”

ಗೊತ್ತು ಎಂದೆ. ಆದರೆ ಅವನು ಈ ಸೆಕ್ಷನ್ನಿನವನಲ್ಲ, ಬಿಟ್ಟು ಹೋಗಿ ಬಹಳ ದಿನವಾಯಿತು ಎಂದೆ. ಶುಕ್ರವಾರ ಯಾರೂ ಎದ್ದು ನಿಲ್ಲುವುದು ಬೇಡ, ಕೇಳಿದರೆ ಬಂದಿಲ್ಲ ಎನ್ನಿ, ಅದು ನಿಜವೇ ತಾನೇ ಎಂದೂ ಹೇಳಿದೆ. ಫಾರಮನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಸಮಿತಿ ಪಟ್ಟು ಹಿಡಿದರೆ ಅಲ್ಲೇ ತುಂಬಿ ಕೊಟ್ಟು ಮನೆಗೆ ಹೋಗುವುದೆಂದು ತೀರ್ಮಾನಿಸಿದ್ದೆ.

ಶುಕ್ರವಾರ ಹನ್ನೊಂದು ಗಂಟೆಗೆ ಮೂವರೂ ಬಂದರು. ಅಧ್ಯಕ್ಷರ ಕೈಯಲ್ಲಿ ಕಡತ, ಸದಸ್ಯೆಯ ಕೈಯಲ್ಲಿ ಪೆನ್ನು. ಮೂರನೆಯವರು ಕುರ್ಚಿ ಸಿಕ್ಕ ಕೂಡಲೆ ಕಣ್ಣು ಮುಚ್ಚಿದರು. ಪ್ರಿನ್ಸಿಪಾಲರು ಗೋಡೆಗೆ ಒರಗಿ ನಿಂತು ನನ್ನ ಕಡೆ ನೋಡದೆ ನಕ್ಕರು. ಆ ವಾರದ ಪ್ರಶ್ನೆಯನ್ನು ನಾನು ಬೋರ್ಡಿನ ಮೇಲೆ ಬರೆದಿದ್ದೆ: ಚಕ್ರ ಮೊದಲೋ ರಸ್ತೆ ಮೊದಲೋ?

ಅಧ್ಯಕ್ಷರು ಕಡತ ತೆರೆದು, ರಸ್ತೆಯೇ ಮೊದಲು ಎಂದು ನಲವತ್ತನೆಯವನು ಬರೆದ ನಾಲ್ಕು ಸಾಲು ಓದಿದರು. ಬಹಳ ಮೆಚ್ಚಿಕೊಂಡರು. ನಲವತ್ತು ಯಾರು, ಎದ್ದು ನಿಲ್ಲಲಿ ಎಂದರು.

ಮೂವತ್ತೊಂಬತ್ತು ಜನ ನೆಲ ನೋಡಿದರು. ನಾನು ಚೀಲದೊಳಗೆ ಕೈ ಹಾಕಿದೆ.

“ನಲವತ್ತು ಬಂದಿಲ್ಲ ಸರ್.” ವಕೀಲೆ ಎದ್ದು ನಿಂತಿದ್ದಳು. ಅವಳ ದನಿ ಅಷ್ಟು ದಪ್ಪವೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಕೂರಬೇಕಿತ್ತು, ಕೂರಲಿಲ್ಲ. “ಬಂದಿದ್ರೂ ನೀವು ಓದಿದ್ದು ತಪ್ಪೇ. ಚಕ್ರ ಇಲ್ದೆ ರಸ್ತೆ ಕಟ್ಕೊಂಡು ಏನ್ ಮಾಡ್ತಾರೆ?”

“ಒಪ್ಪಿದೆ, ಆದ್ರೆ ಕಾಲಿಗೆ ದಾರಿ ಬೇಡ್ವಾ?” ಎಂದಿತು ಕೊನೆ ಬೆಂಚು. “ನಿಮ್ಮನೇಲಿ ಎಲ್ರೂ ಚಕ್ರದ ಮೇಲೇ ಹುಟ್ಟಿದ್ರಾ?”

ಯಾರೋ ನಕ್ಕರು. ಮತ್ತೊಬ್ಬ, ಕಾಲುದಾರಿ ರಸ್ತೆಯಲ್ಲ ಎಂದ. ಹಾಗಾದರೆ ರಸ್ತೆ ಎಂದರೆ ಏನು ಎಂದು ಮೂರನೆಯವಳು ಕೇಳಿದಳು. ತನ್ನನ್ನು ತಾನೇ ಒಪ್ಪಿಕೊಂಡಿದ್ದ ಇಪ್ಪತ್ತೆರಡು ಬೆಂಚಿನ ಮೇಲೆ ಕೈ ಬಡಿದು, ಕುಂಬಾರನ ಚಕ್ರಕ್ಕೆ ಯಾವ ರಸ್ತೆ ಬೇಕಿತ್ತು ಎಂದಿತು. ಆಮೇಲೆ ಯಾರು ಏನು ಹೇಳಿದರೆಂದು ಬಿಡಿಸಿ ಬರೆಯಲಾರೆ. ಸಮಿತಿಯ ಮೂರನೆಯವರಿಗೆ ಎಚ್ಚರವಾಯಿತು. ಪಕ್ಕದ ತರಗತಿಯ ಲೆಕ್ಕದ ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಪ್ರಿನ್ಸಿಪಾಲರು ಎರಡೂ ಕೈ ಎತ್ತಿ ಸುಮ್ಮನಿರಿ, ಸುಮ್ಮನಿರಿ ಎಂದು ಬೇಡಿಕೊಂಡರು. ನಲವತ್ತನೆಯವನನ್ನು ಮತ್ತೆ ಕೇಳಲು ಅಧ್ಯಕ್ಷರಿಗೆ ಸಂದು ಸಿಗಲಿಲ್ಲ. ನಾನು ಚೀಲದಿಂದ ಖಾಲಿ ಕೈ ತೆಗೆದೆ.

ವರದಿ ಹದಿನೈದು ದಿನಕ್ಕೆ ಬಂತು. ಆನ್‌ಲೈನ್ ಚರ್ಚೆಯಲ್ಲಿ ಬಿ ಸೆಕ್ಷನ್ ಮಾದರಿಯಾಗಿದೆ, ಸೆಕ್ಷನ್ನನ್ನೂ ಅಧ್ಯಾಪಕಿಯನ್ನೂ ಮುಂದುವರಿಸಬಹುದು ಎಂದಿತ್ತು. ತರಗತಿಯೊಳಗಿನ ಶಿಸ್ತು ಮಾತ್ರ ತೃಪ್ತಿಕರವಾಗಿಲ್ಲ, ವಿದ್ಯಾರ್ಥಿಗಳು ಚರ್ಚೆಯನ್ನು ಕಟ್ಟೆಗೆ ಸೀಮಿತಗೊಳಿಸುವಂತೆ ನೋಡಿಕೊಳ್ಳಬೇಕು ಎಂದೂ ಇತ್ತು. ಮರುದಿನ ‘ಮೌನವಾಗಿರಿ’ ಫಲಕ ಕಾರಿಡಾರಿಗೆ ವಾಪಸು ಬಂತು. ಮೊಳೆ ಇದ್ದುದರಿಂದ ಹೆಚ್ಚು ಕೆಲಸವಾಗಲಿಲ್ಲ. ಅದರ ಕೆಳಗೇ ನಮ್ಮ ತರಗತಿಯ ಬಾಗಿಲು. ಆ ಗದ್ದಲ ಈಗಲೂ ನಿಂತಿಲ್ಲ.

ನಲವತ್ತನೆಯವನ ಪ್ರಶಸ್ತಿಪತ್ರವನ್ನು ಗುಮಾಸ್ತರು ನನಗೇ ಕೊಟ್ಟರು. ಅಂಚೆಯಲ್ಲಿ ಕಳಿಸಿದರೆ ಪಡೆದವನಿಗೆ ಗಾಬರಿಯಾಗಬಹುದು ಎಂದರು. ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಹೆಸರೇ ಬರೆದಿಲ್ವಲ್ಲ. ಯಾರಿದು?”

“ಒಬ್ಬ ವಿದ್ಯಾರ್ಥಿ. ಜಗಳಗಂಟ.”

ಅವರು ಪತ್ರವನ್ನು ಕಪಾಟಿನಲ್ಲಿ, ಮಗನ ಕಚೇರಿಯ ಕಾಗದಗಳಿರುವ ಖಾನೆಯಲ್ಲಿ ಇಟ್ಟರು.

ನಾನು ನಲವತ್ತು ನಲವತ್ತು ಒತ್ತುವುದನ್ನು ಬಿಟ್ಟೆ. ಆ ಸೋಮವಾರ ಎಂದಿನಂತೆ ನನ್ನ ಹೆಸರಿನಲ್ಲಿ ಪ್ರಶ್ನೆ ಹಾಕಿದೆ: ಮನುಷ್ಯ ಮನೆಗೆ ಕಿಟಕಿ ಇಟ್ಟದ್ದು ಹೊರಗೆ ನೋಡಲೋ, ಬೆಳಕಿಗೋ? ಬೆಳಕಿಗೆ ಎಂದು ನನ್ನ ಅಭಿಪ್ರಾಯವನ್ನೂ ಸೇರಿಸಿದೆ. ಹಿಂದೆಂದೂ ಸೇರಿಸಿರಲಿಲ್ಲ. ಕಾಲು ಗಂಟೆಯಲ್ಲಿ ನಲವತ್ತನೆಯವನ ಉತ್ತರ ಬಂತು.

‘ಒಪ್ಪಿದೆ, ಆದರೆ ಬೆಳಕು ಬರುವ ಕಡೆಯಿಂದಲೇ ಪಕ್ಕದ ಮನೆಯವರ ಕಣ್ಣೂ ಬರುತ್ತದೆ. ಅದಕ್ಕೇನು ಮಾಡುತ್ತೀರಿ ಮೇಡಂ?’

ಬರೆದವರು ಹನ್ನೊಂದು ಜನರಲ್ಲಿ ಯಾರೋ. ಯಾರೆಂದು ಹುಡುಕಲಿಲ್ಲ. ನೋಡೋಣ ಎಂದು ಟೈಪ್ ಮಾಡಿದೆ, ಅಳಿಸಿದೆ. ಅಡುಗೆಮನೆಗೆ ಕುರ್ಚಿ ಎಳೆದುಕೊಂಡು ಹೋಗಿ, ಪರದೆಯಿಲ್ಲದ ಆ ಕಿಟಕಿಯ ಎದುರು ಹಾಕಿಕೊಂಡು, ಉತ್ತರ ಬರೆಯಲು ಕೂತೆ.